ಹಳ್ಳದ ಜಾಗ, ಉದ್ಯಾನದ ಜಾಗ

ಊರಿಗೆ ಒಂದು ಉದ್ಯಾನ ಬೇಕೆಂದರೆ ಬೇಡವೆನ್ನುವವರು ಯಾರೂ ಇಲ್ಲ. ಆದರೆ ಅದಕ್ಕೆ ಜಾಗವನ್ನು ಗೊತ್ತುಮಾಡುವವರು ಯಾರು, ಯಾವ ಆಧಾರದ ಮೇಲೆ ಎಂದು ಕೇಳುವವರು ಕಡಿಮೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸುತ್ತ ಹೊಲಗಳು ನಿವೇಶನಗಳಾಗುತ್ತಿರುವ ಈ ಕಾಲದಲ್ಲಿ ಅದನ್ನು ತಿಳಿದುಕೊಳ್ಳುವುದು ನಮಗೆ ಅವಶ್ಯಕವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಉದ್ಯಾನದ ಭೂಮಿ ಊರಿಗೆ ಎರಡು ದಾರಿಗಳಿಂದ ಬರುತ್ತದೆ. ಮೊದಲನೆಯದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ತಯಾರಾಗುವ ಮಹಾಯೋಜನೆ. ಅದರ ನಕ್ಷೆಯಲ್ಲಿ ಉದ್ಯಾನಕ್ಕೆಂದು ಜಾಗವನ್ನು ಗುರುತಿಸುತ್ತಾರೆ. ಗುರುತಿಸಿದ ಮಾತ್ರಕ್ಕೆ ರೈತನ ಹೊಲ ಉದ್ಯಾನವಾಗದು. 5 ವರ್ಷಗಳೊಳಗೆ ಅದನ್ನು ಸ್ವಾಧೀನಪಡಿಸಿಕೊಳ್ಳದಿದ್ದರೆ ಆ ಗುರುತು ಬಿದ್ದುಹೋಗುತ್ತದೆ. ಕೊಳ್ಳಲು ಹಣವೆಲ್ಲಿ? ಆದುದರಿಂದ ಎರಡನೆಯ ದಾರಿಯೇ ಹೆಚ್ಚು ಸವೆದದ್ದು. ಖಾಸಗಿ ಬಡಾವಣೆ ಮಾಡುವವನು ವಿಸ್ತೀರ್ಣದ ಶೇಕಡ 10ರಷ್ಟನ್ನು ಉದ್ಯಾನ ಮತ್ತು ಬಯಲಿಗಾಗಿ ಬಿಟ್ಟುಕೊಡಬೇಕು.

ಎಷ್ಟು ಎಂಬುದಕ್ಕೆ ಹೀಗೆ ಉತ್ತರವಿದೆ. ಎಲ್ಲಿ ಎಂಬಲ್ಲಿಯೇ ತೊಡಕು. ರಸ್ತೆಗಳನ್ನೂ ಚೌಕವಾದ ನಿವೇಶನಗಳನ್ನೂ ಮೊದಲು ಎಳೆದುಕೊಂಡರೆ ಕೊನೆಗೆ ಉಳಿಯುವ ಮುಕ್ಕೋಣದ ಮೂಲೆ ಉದ್ಯಾನದ ಪಾಲು. ಮಕ್ಕಳು ಅಲ್ಲಿ ಚೆಂಡಾಡಿದರೆ ಚೆಂಡು ಬೀಳುವುದು ಪಕ್ಕದವರ ಅಡಿಗೆಮನೆಗೆ!

ಹಳ್ಳದ ಲೆಕ್ಕ ಬೇರೆ ಕಾಗದದಲ್ಲಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನೆಂಟರಿಷ್ಟರ ಪಹಣಿ ಓದಿ ಹೇಳುವ ಕೆಲಸ ಹೈಸ್ಕೂಲಿನಿಂದಲೂ ನನ್ನ ಪಾಲಿಗೆ ಬಂದಿದೆ. ಪಹಣಿಯಲ್ಲಿ ಖರಾಬು ಎರಡು ಬಗೆ. ಬೇಸಾಯಕ್ಕೆ ಒದಗದ ನೆಲ 'ಅ' ಖರಾಬು. ದಾರಿ, ಹಳ್ಳ ಮುಂತಾಗಿ ಸಾರ್ವಜನಿಕರಿಗೆ ಸೇರಿದ್ದು 'ಬ' ಖರಾಬು. ಅದು ಸರಕಾರದ್ದು, ಯಾರೂ ಮಾರುವಂತಿಲ್ಲ. ಹಳ್ಳವನ್ನು ಕಾಯುವ ಮೊದಲ ಬೇಲಿ ಇದೇ.

ಆದರೆ ಖರಾಬು ತೋರಿಸುವುದು ಹಳ್ಳದ ಪಾತ್ರವನ್ನು, ನೆರೆ ಹರಡುವ ಅಗಲವನ್ನಲ್ಲ. ನಮ್ಮದು ಮಳೆ ಕಡಿಮೆಯ ಸೀಮೆ. ವರ್ಷದ ಬಹುಭಾಗ ಒಣಗಿರುವ ಹಳ್ಳ ನಿವೇಶನ ಕೊಳ್ಳುವವನ ಕಣ್ಣಿಗೆ ಬರಿಯ ತಗ್ಗು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಈ 89 ವರ್ಷಗಳಲ್ಲಿ ಹಿರಿಯೂರಿನ ಕಡೆ ಕೋಡಿಯನ್ನೇ ಕಾಣದೆ ಮುದುಕರಾದವರಿದ್ದಾರೆ. ನೀರು ಮಾತ್ರ ತನ್ನ ದಾರಿ ಮರೆತಿರಲಿಲ್ಲ.

ನಮ್ಮ ಕೋಟೆಯಲ್ಲಿ ಜಾಗ ಆರಿಸಿದ ರೀತಿಯನ್ನು ನೋಡಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಪೇಟೆಯ ಸಂತೆಹೊಂಡಕ್ಕೆ. ಇಳಿಜಾರನ್ನು ಮೊದಲು ಓದಿ ಆಮೇಲೆ ಕಟ್ಟಿದವರು ಅವರು.

ಬಡಾವಣೆಯ ಶೇಕಡ 10ನ್ನು ಹಳ್ಳದ ದಂಡೆಯಲ್ಲಿಯೇ ಇಟ್ಟರೆ ಒಂದೇ ಜಾಗದಿಂದ ಎರಡು ಕೆಲಸವಾಗುತ್ತದೆ. ನೆರೆಗೆ ಎಡೆ, ಊರಿಗೆ ನೆರಳು. ಬೆಂಗಳೂರಿನ 2015ರ ಮಹಾಯೋಜನೆ ಕಾಲುವೆಗಳ ನಡುಗೆರೆಯಿಂದ ದರ್ಜೆಗೆ ತಕ್ಕಂತೆ 50, 25, 15 ಮೀಟರು ಬಿಡಬೇಕೆಂದಿತು. ಬಡಾವಣೆಯೊಳಗೆ ಬರುವ ಕಣಿವೆಯ ಭಾಗವನ್ನು ಉದ್ಯಾನದ ಲೆಕ್ಕಕ್ಕೆ ಹಿಡಿಯಲೂ ಎಡೆಕೊಟ್ಟಿತು. ಇಲ್ಲಿ ಒಂದು ಎಚ್ಚರ ಬೇಕು. 'ಬ' ಖರಾಬನ್ನೇ ಶೇಕಡ 10ರಲ್ಲಿ ಸೇರಿಸಿದರೆ ಸರಕಾರದ ನೆಲವನ್ನು ಸರಕಾರಕ್ಕೇ ದಾನಮಾಡಿದಂತಾಯಿತು. ದಂಡೆ ಬೇರೆ, ಪಾತ್ರ ಬೇರೆ.

ಒಮ್ಮೆ ಗೊತ್ತುಮಾಡಿದ ಉದ್ಯಾನವನ್ನು ಮನಬಂದಂತೆ ಬದಲಿಸಲೂ ಬಾರದು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆ ಒಳ್ಳೆಯದೇ ಆದರೂ ಆ ಜಾಗ ಅದಕ್ಕಲ್ಲವೆಂದು 1991ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಮಹಾಯೋಜನೆ ಪ್ರಕಟವಾದಾಗ ಆಕ್ಷೇಪಣೆಗೆ 60 ದಿನಗಳ ಅವಕಾಶವಿದೆ. ಗ್ರಾಮನಕಾಶೆ ಭೂಮಾಪನ ಇಲಾಖೆಯಲ್ಲಿ ದೊರೆಯುತ್ತದೆ. ಎರಡನ್ನೂ ಒಂದರ ಪಕ್ಕ ಒಂದಿಟ್ಟು, ನಕಾಶೆಯ ಹಳ್ಳದ ಗೆರೆ ಹೊಸ ನಕ್ಷೆಯಲ್ಲಿ ಎಲ್ಲಿ ಮಾಯವಾಗಿದೆಯೆಂದು ಹುಡುಕಲು ಒಂದು ಅಳತೆಪಟ್ಟಿ, ಒಂದು ಸೀಸದ ಕಡ್ಡಿ ಸಾಕು.