ಮುಖ ಬಿಡಿ, ಬೆನ್ನು ನೋಡಿ

ಕಣ್ಣು, ಮೂಗು ಬರೆಯದೇ ಒಬ್ಬ ಮನುಷ್ಯನನ್ನ ತೋರಿಸೋಕಾಗುತ್ತಾ?

ವನಗೂರಿನ ಒಂದು ಕಾಫಿ ತೋಟ ಅಂದ್ಕೊಳ್ಳಿ.
ಇಳಿಜಾರು. ಕೆಮ್ಮಣ್ಣು.
ಸೊಂಟಕ್ಕೆ ಚೀಲ ಕಟ್ಟಿ ಹಣ್ಣು ಕುಯ್ಯೋ ಹೆಂಗಸರು.
ಫೋಟೊ ತೆಗೆದ್ರೆ ಎಲೆ ಎಲೆಯೂ ಬರುತ್ತೆ.
ಇದನ್ನೇ ಚಿತ್ರಕಾರ ಕೆ.ಕೆ. ಹೆಬ್ಬಾರರು ಬರೆದಿದ್ರೆ?

ಹೆಬ್ಬಾರರು ಉಡುಪಿ ಹತ್ತಿರದ ಕಟ್ಟಿಂಗೇರಿಯವರು.
ಹುಟ್ಟಿದ್ದು 1911ರಲ್ಲಿ.
ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಕಲಿತದ್ದು,
ಇದ್ದದ್ದನ್ನ ಇದ್ದಹಾಗೇ ಬರೆಯೋ ಪಾಶ್ಚಾತ್ಯ ಪದ್ಧತಿ.
ಅದು ಅವರಿಗೆ ಸಾಕಾಗಲಿಲ್ಲ.
ಅಮೃತಾ ಶೇರ್‌ಗಿಲ್ ಅವರ ಚಿತ್ರಗಳು ಸೆಳೆದವು.
ಫ್ರೆಂಚ್ ಚಿತ್ರಕಾರ ಗೊಗ್ಯಾಂ ಸೆಳೆದ.
ನಮ್ಮ ಹಳೆಯ ಜೈನ ಹಸ್ತಪ್ರತಿಗಳ ಚಿತ್ರಗಳೂ ಸೆಳೆದವು.

1940ರ ದಶಕದ ಅವರ ಕೇರಳದ ಚಿತ್ರಗಳನ್ನ ನೋಡಿ.
ವಿವರ ಕಳಚಿದೆ, ಆಕಾರ ಉಳಿದಿದೆ.
ಬಾಗಿದ ಬೆನ್ನು ಒಂದೇ ಗೆರೆ.
ಬಣ್ಣ ಅಗಲವಾಗಿ, ಚಪ್ಪಟೆಯಾಗಿ ಕೂತಿದೆ.

ಯಕ್ಷಗಾನ ನೆನಪಿಸಿಕೊಳ್ಳಿ.
ಕೊನೇ ಸಾಲಲ್ಲಿ ಕೂತವರಿಗೆ ಮುಖ ಕಾಣಲ್ಲ.
ಆದ್ರೂ ಕಿರೀಟದ ಆಕಾರ, ವೇಷದ ಬಣ್ಣ ಕಂಡ ತಕ್ಷಣ
ಬಂದದ್ದು ಯಾರಂತ ಗೊತ್ತಾಗುತ್ತೆ.
ಹೆಬ್ಬಾರರ ಚಿತ್ರಗಳಲ್ಲೂ ಅದೇ ಕೆಲಸ ನಡೀತಿದೆ.

ಇನ್ನೊಂದು ಮಾತು, ನನಗೆ ತುಂಬಾ ಇಷ್ಟದ್ದು.
ಹೆಬ್ಬಾರರು ಕಥಕ್ ಕಲಿತಿದ್ರು.
ಲಯ ಅನ್ನೋದನ್ನ ಮೈಯಲ್ಲೇ ಅರಿಯೋಕೆ!
ಅವರ ಗೆರೆ ಹೆಜ್ಜೆ ಹಾಕುತ್ತೆ ಅಂತ ನನಗನ್ಸೋದು ಅದಕ್ಕೇ.

ಅವರ ಚಿತ್ರಗಳ ಸಂಗ್ರಹ ಬೆಂಗಳೂರಿನ ಕಸ್ತೂರಬಾ ರಸ್ತೆಯ
ವೆಂಕಟಪ್ಪ ಚಿತ್ರಶಾಲೆಗೆ ಸೇರಿದೆ.
ನೋಡುವಾಗ ಮೊದಲು ದೂರ ನಿಲ್ಲಿ.
ಮುಖ ಹುಡುಕಬೇಡಿ.
ಬೆನ್ನು ಎತ್ತ ಬಾಗಿದೆ,
ಅದರ ಪಕ್ಕ ಯಾವ ಬಣ್ಣ ಇದೆ, ಅದನ್ನ ನೋಡಿ.