ಕೋಠಿಗೆ ಹೆಸರು ಕೊಟ್ಟ ಕೋಠಿ: ಹೈದರಾಬಾದಿನ ರೆಸಿಡೆನ್ಸಿ ಕಥೆ

ಬೀದರ್, ಕಲಬುರಗಿ, ರಾಯಚೂರು ಕಡೆಯ ನಮ್ಮ ವೀಕ್ಷಕರಿಗೆ ಹೈದರಾಬಾದಿನ ಕೋಠಿ ಹೊಸದೇನಲ್ಲ. ಹಳೇ ಪುಸ್ತಕ, ಸುಲ್ತಾನ್ ಬಜಾರಿನ ಬಟ್ಟೆ, ಬಸ್ಸಿನ ಗದ್ದಲ. ಆದರೆ ‘ಕೋಠಿ’ ಅಂದ್ರೆ ಬಂಗಲೆ ಅಲ್ವಾ, ಯಾರ ಬಂಗಲೆ? ಅದು ಅಲ್ಲೇ, ಹಿಂದೆ ಮಹಿಳಾ ಕಾಲೇಜಾಗಿದ್ದ ಈಗಿನ ಮಹಿಳಾ ವಿಶ್ವವಿದ್ಯಾಲಯದ ಕಾಂಪೌಂಡ್ ಒಳಗೇ ಇದೆ.

1798ರಲ್ಲಿ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ಆದ. ಅಂದ್ರೆ ನಿಜಾಮರ ದರ್ಬಾರಿನಲ್ಲಿ ಕಂಪನಿಯ ಪ್ರತಿನಿಧಿ. ಮುಂದೆ ಮೂಸಿ ನದಿಯ ಉತ್ತರ ದಡದಲ್ಲಿ ಈ ಅರಮನೆ ಎದ್ದಿತು. ನಕ್ಷೆ ಸ್ಯಾಮ್ಯುಯೆಲ್ ರಸೆಲ್ ಅನ್ನೋ ಮದ್ರಾಸಿನ ಎಂಜಿನಿಯರ್‌ನದು. ಖರ್ಚು ಯಾರದ್ದು? ನಿಜಾಮರದ್ದು! ಮೊದಲು ತೋರಿಸಿದ ನಕ್ಷೆ ತುಂಬಾ ದೊಡ್ಡ ಹಾಳೆಯಲ್ಲಿತ್ತಂತೆ, ನಿಜಾಮರು ಒಪ್ಪಲಿಲ್ಲ. ಅದನ್ನೇ ಚಿಕ್ಕ ಹಾಳೆಯಲ್ಲಿ ಬರೆದು ಕೊಟ್ಟಾಗ ‘ಹೂಂ’ ಅಂದರಂತೆ. ಕಥೆ ನಿಜವೋ ಸುಳ್ಳೋ, ಚೆನ್ನಾಗಂತೂ ಇದೆ.

ಮುಂಭಾಗದಲ್ಲಿ ಆರು ಭಾರಿ ಕಂಬ, ಮೆಟ್ಟಿಲ ಪಕ್ಕ ಎರಡು ಸಿಂಹ. ಎಲ್ಲರೂ ಫೋಟೋ ತೆಗೆಯೋದು ಇಲ್ಲೇ. ನನ್ನ ಮನಸ್ಸು ಮಾತ್ರ ಹಿಂದಿನ ತೋಟದಲ್ಲಿ ನಿಂತುಬಿಟ್ಟಿತು.

ಕರ್ಕ್‌ಪ್ಯಾಟ್ರಿಕ್ ಮದುವೆಯಾಗಿದ್ದು ಹೈದರಾಬಾದಿನ ಸಯ್ಯದ್ ಮನೆತನದ ಹುಡುಗಿ ಖೈರ್-ಉನ್-ನಿಸಾಳನ್ನ. ದಿವಾನ ಮೀರ್ ಆಲಂ ಅವಳ ಸಂಬಂಧಿ. ಈ ಮದುವೆ ಕಂಪನಿಗೆ ದೊಡ್ಡ ತಲೆನೋವಾಗಿ ತನಿಖೆಯೇ ನಡೆಯಿತು. ಅವಳಿದ್ದದ್ದು ಹಿಂದಿನ ರಂಗಮಹಲಿನಲ್ಲಿ, ಪರದೆಯೊಳಗೆ. ಅರಮನೆಯ ಮುಂಭಾಗ ಅವಳೂ ನೋಡಲಿ ಅಂತ ಗಂಡ ತೋಟದಲ್ಲೇ ಅದರ ಪುಟ್ಟ ಮಾದರಿ ಕಟ್ಟಿಸಿದ ಅಂತ ಜನ ಹೇಳ್ತಾರೆ.

1805ರಲ್ಲಿ ಇಬ್ಬರೂ ಪುಟ್ಟ ಮಕ್ಕಳನ್ನ ಇಂಗ್ಲೆಂಡಿಗೆ ಕಳಿಸಿದರು. ಅದೇ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ಕರ್ಕ್‌ಪ್ಯಾಟ್ರಿಕ್ ತೀರಿಕೊಂಡ. ತಾಯಿ ಮಕ್ಕಳ ಮುಖ ಮತ್ತೆ ನೋಡಲಿಲ್ಲ. 1813ರಲ್ಲಿ, ಇನ್ನೂ ಮೂವತ್ತು ದಾಟದ ವಯಸ್ಸಿನಲ್ಲಿ ಹೋಗಿಬಿಟ್ಟಳು. ರಂಗಮಹಲನ್ನು 1861ರ ಸುಮಾರಿಗೆ ಇನ್ನೊಬ್ಬ ರೆಸಿಡೆಂಟ್ ಕೆಡವಿಸಿದ. ಗಂಡಿನ ಮನೆ ಉಳಿಯಿತು, ಹೆಣ್ಣಿನ ಮನೆ ಹೋಯಿತು.

ಹಾಗಂತ ಇದು ಬರೀ ಪ್ರೇಮಕಥೆಯ ಮನೆ ಅಂದ್ಕೋಬೇಡಿ. 1853ರಲ್ಲಿ ಕಂಪನಿ ನಿಜಾಮರ ಮೇಲೆ ಸಾಲದ ಲೆಕ್ಕ ಹೊರಿಸಿ ಬೇರಾರ್ ಜೊತೆಗೆ ನಮ್ಮ ರಾಯಚೂರು ದೋಆಬನ್ನೂ ತನ್ನ ಆಡಳಿತಕ್ಕೆ ತಗೊಂಡಿತು. ಆ ಒಪ್ಪಂದಕ್ಕೆ ನಿಜಾಮರನ್ನು ಮಣಿಸಿದ್ದೂ ಇಲ್ಲಿನ ರೆಸಿಡೆಂಟೇ. ರಾಯಚೂರು ವಾಪಸ್ ಬಂದದ್ದು 1860ರಲ್ಲಿ. 1857ರ ಜುಲೈ 17ರಂದು ತುರ್ರೇಬಾಜ್ ಖಾನ್, ಮೌಲ್ವಿ ಅಲಾವುದ್ದೀನ್ ಜನ ಕಟ್ಟಿಕೊಂಡು ಇದೇ ರೆಸಿಡೆನ್ಸಿ ಮೇಲೆ ದಾಳಿ ಮಾಡಿದರು. ಮರುವರ್ಷ ಸುರಪುರದ ರಾಜಾ ವೆಂಕಟಪ್ಪ ನಾಯಕ ಕಂಪನಿ ಸೈನ್ಯದಿಂದ ತಪ್ಪಿಸಿಕೊಂಡು ಹೈದರಾಬಾದಿಗೆ ಬಂದು ಸೆರೆಸಿಕ್ಕಿದ.

ಕಾಲೇಜು ಇಲ್ಲಿಗೆ ಬಂದದ್ದು 1949ರಲ್ಲಿ. ವರ್ಷಗಟ್ಟಲೆ ಪಾಳುಬಿದ್ದಿದ್ದ ಕಟ್ಟಡ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ನೆರವಿನಿಂದ ದುರಸ್ತಿಯಾಗಿ 2023ರಲ್ಲಿ ಪ್ರವಾಸಿಗರಿಗೆ ತೆರೆಯಿತು. ಕ್ಯಾಂಪಸ್ ಆದ್ದರಿಂದ ವೇಳೆ ವಿಚಾರಿಸಿಕೊಂಡೇ ಹೋಗಿ.

ಮಗಳು ಕಿಟ್ಟಿ ಏನಾದಳು ಅಂತ ಕೇಳ್ತೀರಿ. ನಲವತ್ತರ ಹತ್ತಿರ ಬಂದಾಗ, ಇಂಗ್ಲೆಂಡಿನ ಒಂದು ಮನೆಯಲ್ಲಿ ಚಿನ್ನರಿ ಅನ್ನೋ ಕಲಾವಿದ ಬರೆದ ಎರಡು ಮಕ್ಕಳ ಚಿತ್ರ ಕಂಡಳು: ತಾನು, ತನ್ನಣ್ಣ. ಆಮೇಲೆ ಹೈದರಾಬಾದಿನಲ್ಲಿ ಇನ್ನೂ ಬದುಕಿದ್ದ ಅಜ್ಜಿ ಶರಫ್-ಉನ್-ನಿಸಾಗೆ ಪತ್ರ ಹೋಯಿತು. ಅಜ್ಜಿಯ ಉತ್ತರಗಳೂ ಬಂದವು. ಭೇಟಿ ಮಾತ್ರ ಆಗಲೇ ಇಲ್ಲ.