ಯಂತ್ರಮಾನವ ಪ್ರೀತಿಸಿದ್ದೇಕೆ?

ಇಂದು ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ನಾಳೆ ಬೆಳಗ್ಗೆ ಕೊಬ್ಬರಿಯಾಗಿತ್ತು ಎಂದು ಯಾರಾದರೂ ಸಿನಿಮಾ ತೆಗೆದರೆ ತಿಪಟೂರಿನ ಚಿತ್ರಮಂದಿರದಲ್ಲಿ ಏನಾದೀತು? ಮುಂದಿನ ಸಾಲಿನ ಹುಡುಗರೇ ನಕ್ಕುಬಿಟ್ಟಾರು. ಕಾಯೊಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗುಡುಗುಡು ಎನ್ನಲು ಹತ್ತು ಹನ್ನೊಂದು ತಿಂಗಳು ಬೇಕೆಂಬುದನ್ನು ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಮಕ್ಕಳು, ತೆರೆಯ ಮೇಲೆ ಯಂತ್ರಮಾನವನೊಬ್ಬ ದಿಢೀರನೆ ಪ್ರೇಮಿಯಾಗಿಬಿಟ್ಟರೆ ಸುಮ್ಮನೆ ನೋಡುತ್ತಾರೆ. ಏನೋ ಸರಿಯಿಲ್ಲ ಅನ್ನಿಸುತ್ತದೆ. ಏನೆಂದು ಹೇಳಲು ಬರುವುದಿಲ್ಲ.

2002ರಲ್ಲಿ ತೆರೆಕಂಡ ‘ಹಾಲಿವುಡ್’ ಕನ್ನಡದ ಮಟ್ಟಿಗೆ ಸಣ್ಣ ಸಾಹಸವಲ್ಲ. ಕಥೆ ಉಪೇಂದ್ರ ಅವರದು, ನಿರ್ದೇಶನ ದಿನೇಶ್ ಬಾಬು ಅವರದು, ಚಿತ್ರೀಕರಣ ಅಮೆರಿಕದಲ್ಲಿ. ಉಪೇಂದ್ರ ಅವರ ಮೂರು ಪಾತ್ರಗಳಲ್ಲಿ ಒಂದು ಯಂತ್ರಮಾನವ. ತನ್ನನ್ನು ನಿರ್ಮಿಸಿದವನು ಮೆಚ್ಚಿದ ಹುಡುಗಿಯನ್ನೇ ಆ ಯಂತ್ರವೂ ಮೆಚ್ಚುತ್ತದೆ. ಎಂಟು ವರ್ಷಗಳ ಅನಂತರ, 2010ರಲ್ಲಿ, ಶಂಕರ್ ನಿರ್ದೇಶನದ ತಮಿಳಿನ ‘ಎಂದಿರನ್’ ಬಂತು. ಅದರ ಕಥೆಯ ಗಂಟೂ ಬಹುಮಟ್ಟಿಗೆ ಇದೇ. ರಜನೀಕಾಂತರ ಚಿಟ್ಟಿ ಮನೆಮಾತಾದ. ಕನ್ನಡದ ಯಂತ್ರ ಎಷ್ಟು ಜನರಿಗೆ ನೆನಪಿದೆ?

ಹಣದ ವ್ಯತ್ಯಾಸ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ‘ಎಂದಿರನ್’ನ ಒಂದು ದೃಶ್ಯ ನೋಡಿ. ಬೆಂಕಿ ಬಿದ್ದ ಕಟ್ಟಡದಿಂದ ಚಿಟ್ಟಿ ಜನರನ್ನು ಎತ್ತಿ ತರುತ್ತಾನೆ. ಸ್ನಾನ ಮಾಡುತ್ತಿದ್ದ ಹುಡುಗಿಯೊಬ್ಬಳನ್ನೂ ಹಾಗೆಯೇ, ಮೈಮೇಲೆ ಬಟ್ಟೆಯಿಲ್ಲದಂತೆಯೇ, ಎಲ್ಲರ ಮುಂದೆ ತಂದು ನಿಲ್ಲಿಸುತ್ತಾನೆ. ಜೀವ ಉಳಿಸು ಎಂಬ ಆಜ್ಞೆ ಅವನಿಗೆ ಗೊತ್ತು, ನಾಚಿಕೆ ಗೊತ್ತಿಲ್ಲ. ಅವಳು ಅವಮಾನದಿಂದ ಓಡಿ ವಾಹನಕ್ಕೆ ಸಿಕ್ಕಿ ಸಾಯುತ್ತಾಳೆ. ಯಂತ್ರಕ್ಕೆ ಭಾವನೆ ಕಲಿಸಬೇಕೆಂಬ ಅಗತ್ಯ ಇಲ್ಲಿಂದ ಹುಟ್ಟುತ್ತದೆ, ಭಾವನೆ ಕಲಿತದ್ದರಿಂದಲೇ ಅನಾಹುತ ಹುಟ್ಟುತ್ತದೆ. ‘ಹಾಲಿವುಡ್’ನಲ್ಲಾದರೋ ತ್ರಿಪಾತ್ರದ ಚಮತ್ಕಾರ ಮುಂದೆ ಬಂದು, ಯಂತ್ರದೊಳಗೆ ಏನಾಯಿತೆಂಬ ಪ್ರಶ್ನೆ ಹಿಂದೆ ಸರಿಯಿತು.

ಇನ್ನೊಂದು ಸಂಗತಿ. ‘ಎಂದಿರನ್’ಗೆ ಲೇಖನಿ ಹಿಡಿದವರಲ್ಲಿ ಒಬ್ಬರು ಸುಜಾತಾ ಎಂಬ ಕಾವ್ಯನಾಮದ ಎಸ್. ರಂಗರಾಜನ್. ಅವರು ದುಡಿದದ್ದು ನಮ್ಮ ಬೆಂಗಳೂರಿನಲ್ಲೇ, ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ. ವಿದ್ಯುನ್ಮಾನ ಮತಯಂತ್ರ ರೂಪಿಸುವ ಕೆಲಸದಲ್ಲಿ ಅವರ ಪಾಲಿತ್ತು. 2008ರಲ್ಲಿ ತೀರಿಕೊಂಡ ಅವರು ಚಿತ್ರವನ್ನು ನೋಡಲಿಲ್ಲ. ಕನ್ನಡದಲ್ಲಿಯೂ ರಾಜಶೇಖರ ಭೂಸನೂರಮಠರಂಥ ವಿಜ್ಞಾನ ಕಥೆಗಾರರಿದ್ದರು. ಚಿತ್ರರಂಗಕ್ಕೆ ಅವರ ಮನೆಯ ದಾರಿ ತಿಳಿದಂತಿಲ್ಲ.

ಹಾಗೆಂದು ತಮಿಳಿನ ಚಿತ್ರ ದೋಷರಹಿತವೇನೂ ಅಲ್ಲ. ಕೊನೆಗೆ ನೂರಾರು ಚಿಟ್ಟಿಗಳು ಚೆಂಡಾಗಿ, ಹಾವಾಗಿ ಉರುಳುವಾಗ ವಿಜ್ಞಾನ ಕಿಟಕಿಯಿಂದ ಹೊರಗೆ ಜಿಗಿದಿರುತ್ತದೆ. 2018ರಲ್ಲಿ ಬಂದ ಮುಂದಿನ ಭಾಗ ‘2.0’ದಲ್ಲಂತೂ ಸತ್ತವನೊಬ್ಬನ ಶಕ್ತಿ ಊರಿನ ಮೊಬೈಲ್‌ಗಳನ್ನೆಲ್ಲ ಹಾರಿಸಿಕೊಂಡು ಹೋಗುತ್ತದೆ. ಆ ಶಕ್ತಿ ಏನು ಮಾಡಬಲ್ಲದು, ಏನು ಮಾಡಲಾರದು ಎಂಬ ಗೆರೆಯೇ ಇಲ್ಲ. ಗೆರೆಯಿಲ್ಲದ ಮೇಲೆ ನಾಯಕ ಸೋಲುವನೆಂಬ ಭಯವಾದರೂ ಎಲ್ಲಿಂದ ಬರಬೇಕು?

ಈ ಕಾಯಿಲೆ ಹಳೆಯದು. 1927ರಲ್ಲಿ ಜರ್ಮನಿಯ ಫ್ರಿಟ್ಸ್ ಲಾಂಗ್ ‘ಮೆಟ್ರೊಪೊಲಿಸ್’ ತೆಗೆದಾಗ ಅದರ ವೆಚ್ಚ ನಿರ್ಮಾಣ ಸಂಸ್ಥೆಯನ್ನೇ ಅಲ್ಲಾಡಿಸಿತು. ಮುಗಿಲೆತ್ತರದ ನಗರ, ನೆಲದಡಿಯಲ್ಲಿ ಯಂತ್ರಗಳಿಗೆ ಜೋತುಬಿದ್ದ ಕೂಲಿಗಳು. ‘ಟೈಮ್ ಮೆಷಿನ್’ ಬರೆದ ಎಚ್.ಜಿ. ವೆಲ್ಸ್ ಅದನ್ನು ನೋಡಿ ಕೆಂಡವಾದರು. ಯಂತ್ರಗಳು ಅಷ್ಟು ಮುಂದುವರಿದ ಮೇಲೆ ಕೈದುಡಿಮೆಯ ಗುಲಾಮರು ಏತಕ್ಕೆ ಬೇಕು ಎಂಬುದು ಅವರ ತಕರಾರಿನ ತಿರುಳು. ವೆಲ್ಸ್ ಕೇಳಿದ್ದು ಸರಿಯಾದ ಪ್ರಶ್ನೆಯೇ. ಆದರೂ ಆ ಚಿತ್ರದ ದೃಶ್ಯವೈಭವವನ್ನು ಇಂದಿಗೂ ಜನ ನೋಡುತ್ತಾರೆ ಎನ್ನುವುದನ್ನೂ ಒಪ್ಪಬೇಕು.

ಅಂದಮೇಲೆ ಒಂದೇ ರಾತ್ರಿಯ ಕೊಬ್ಬರಿಯ ಕಥೆ ಬರೆಯಲೇಬಾರದೆಂದಿಲ್ಲ. ಅಂಥದೊಂದು ತಳಿ ಬಂತೆಂದೇ ಇಟ್ಟುಕೊಳ್ಳಿ. ಆ ಒಂದು ಸುಳ್ಳನ್ನು ಪ್ರೇಕ್ಷಕ ಸಂತೋಷದಿಂದ ಒಪ್ಪುತ್ತಾನೆ. ರಾತ್ರಿಯೂಟದ ಹೊತ್ತಿಗೆ ಅಪ್ಪ, ಅಮ್ಮ, ಮಕ್ಕಳು ಮುಂದಿನದನ್ನು ಕಟ್ಟಿನೋಡಬಹುದು. ಹೊಸ ಮನೆ ಕಟ್ಟುವವರು ಅಟ್ಟ ಬಿಡುತ್ತಾರೆಯೆ? ತಿಪಟೂರಿನ ಹರಾಜಿನಲ್ಲಿ ಧಾರಣೆ ಏನಾಗುತ್ತದೆ? ಬೆಲೆ ಬರಲೆಂದು ಕಾಯಬಲ್ಲ ದೊಡ್ಡ ರೈತ, ಮಗಳ ಫೀಸಿಗೆ ಇಂದೇ ಮಾರಬೇಕಾದ ಸಣ್ಣ ರೈತ, ಇಬ್ಬರಲ್ಲಿ ಯಾರು ಗೆಲ್ಲುತ್ತಾರೆ? ಕಾಯಿ ಸುಲಿಯುವವರಿಗೆ ಕೆಲಸ ಹೆಚ್ಚುತ್ತದೆಯೋ, ತಪ್ಪುತ್ತದೆಯೋ?